ಮೇಜಿನ ವೀರರ ಗರ್ವಭಂಗ

ಪ್ರತಿ ಆದಿತ್ಯವಾರದ ಸಾಯಂಕಾಲ ನಮ್ಮ ಮನೆಯ ನಡುಮನೆಯಲ್ಲಿ ಐವರು ಮಕ್ಕಳು ಊಟದ ಮೇಜಿನ ಸುತ್ತಲೂ ಕುಳಿತು, ಕಾಗದ, ಸೀಸದಕಡ್ಡಿ, ಬಗೆಬಗೆಯ ದಾಳಗಳು ಇವನ್ನು ಮುಂದಿಟ್ಟುಕೊಂಡು, ದೀಪ ಹಚ್ಚಿದುದನ್ನೂ ಅರಿಯದೆ ಮೂರು ನಾಲ್ಕು ಗಂಟೆಗಳ ಕಾಲ ಒಂದು ಆಟವನ್ನು ಆಡುವರು. ಆಡುವರೆಂದರೂ, ನೋಡುವವರಿಗೆ ಅದು ಆಟದಂತೆ ಕಾಣುವುದಿಲ್ಲ. ಮಣೆಯಿಲ್ಲ, ಕಾಯಿಗಳಿಲ್ಲ, ಇಸ್ಪೀಟಿನ ಎಲೆಗಳಿಲ್ಲ. ಒಬ್ಬಳು ಕಥೆ ಹೇಳುವಳು. ಉಳಿದ ನಾಲ್ವರು ನಡುನಡುವೆ ಬಾಯಿ ಹಾಕುವರು. ಆಗಾಗ ಒಬ್ಬನು ದಾಳವನ್ನು ಉರುಳಿಸಿ ಕುಣಿಯುವನು, ಇಲ್ಲವೆ ತಲೆಯ ಮೇಲೆ ಕೈ ಹೊತ್ತುಕೊಳ್ಳುವನು. ಕಳೆದ ಬೇಸಗೆಯ ರಜದಲ್ಲಿ ಒಂದು ದಿನ ಈ ಮೇಜಿನಿಂದ ದೊಡ್ಡ ಗದ್ದಲವೆದ್ದಿತು. ಕಥೆ ಹೇಳುವವಳು ನಮ್ಮ ಅಣ್ಣನ ಮಗಳು, ಹದಿನೇಳು ವರ್ಷದವಳು. ಹದಿನಾಲ್ಕರ ಅವಳ ತಮ್ಮನು ಎದುರಿಗೆ ಕಾಲಮೇಲೆ ಕಾಲು ಹಾಕಿಕೊಂಡು ಕುಳಿತು, "ಬರಲಿ ಬಿಡಕ್ಕ, ಇನ್ನೂ ಇಪ್ಪತ್ತು ಮಂದಿ ಬರಲಿ. ನಮ್ಮನ್ನು ಯಾರು ಏನು ಮಾಡಿಯಾರು?" ಎಂದು ನಗುತ್ತಿದ್ದನು. ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿ ನಾವಿದ್ದ ಕೋಣೆಗೆ ಬಂದಳು. "ಚಿಕ್ಕಪ್ಪ, ಮುಂದಿನ ವಾರ ಒಂದು ದೊಡ್ಡ ಡ್ರ್ಯಾಗನ್ನನ್ನು ತಂದು ಇವರೆಲ್ಲರನ್ನೂ ಸುಟ್ಟು ಬೂದಿ ಮಾಡುತ್ತೇನೆ, ನೋಡುತ್ತಿರಿ" ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಈ ಆಟದ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯವು. ಇದರ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್.' ಡಂಜನ್ ಎಂದರೆ ನೆಲದಡಿಯ ಸೆರೆಮನೆ, ಡ್ರ್ಯಾಗನ್ ಎಂದರೆ ಬೆಂಕಿಯುಗುಳುವ ಮಹಾಸರ್ಪ. ಆಡುವವರಲ್ಲಿ ಒಬ್ಬರು ಸೂತ್ರಧಾರರು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುವರು. ಒಬ್ಬನು ಕತ್ತಿಯಾಳು, ಒಬ್ಬಳು ಮಂತ್ರವಾದಿನಿ, ಮತ್ತೊಬ್ಬನು ಕನ್ನಗಳ್ಳ. ಎದುರಿಗೆ ಹೊಳೆಯಿದೆ, ಸೇತುವೆ ಮುರಿದಿದೆ, ಆಚೆ ದಡದಲ್ಲಿ ಏನೋ ಮಿಸುಕಿತು ಎಂದು ಸೂತ್ರಧಾರನು ವರ್ಣಿಸುವನು. ಏನು ಮಾಡುವಿರಿ ಎಂಬ ಪ್ರಶ್ನೆಗೆ ಆಟಗಾರರು ಬಾಯಿಮಾತಿನಲ್ಲಿಯೇ ಉತ್ತರ ಕೊಡತಕ್ಕದ್ದು. ಆ ಸಾಹಸವು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ಹೇಳುವುದು. ಪಾತ್ರಗಳು ಗೆದ್ದಷ್ಟೂ ಅನುಭವದ ಅಂಕಗಳು ಕೂಡಿ, ಲೆವೆಲ್ ಎಂಬ ಮೆಟ್ಟಿಲುಗಳನ್ನು ಏರುತ್ತ ಬಲಿಷ್ಠರಾಗುವರು. ಒಂದು ಕಥೆ ವರ್ಷಗಟ್ಟಲೆ ನಡೆಯುವುದೂ ಉಂಟು. ಚೌಕಾಬಾರದಲ್ಲಿ ಇರುವಂತೆ ಒಬ್ಬರು ಗೆದ್ದು ಉಳಿದವರು ಸೋಲುವ ಏರ್ಪಾಡು ಇದರಲ್ಲಿ ಇಲ್ಲ. ಎಲ್ಲರೂ ಕೂಡಿ ಕಥೆಯನ್ನು ಕಟ್ಟುವುದೇ ಆಟ. ಆದುದರಿಂದಲೇ ಒಬ್ಬನು ಸೊಕ್ಕಿದರೆ ಕಥೆಯೇ ನಿಂತುಹೋಗುವುದು. ಯಾವ ಭಯವೂ ಇಲ್ಲದವನಿಗೆ ಸೇತುವೆ ಮುರಿದಿದ್ದರೇನು, ಆಚೆ ದಡದಲ್ಲಿ ಏನು ಮಿಸುಕಿದರೇನು?

ನಮ್ಮ ಹುಡುಗಿಯ ದುಃಖವೂ ಅದೇ ಆಗಿತ್ತು. ವಾರವಿಡೀ ಕುಳಿತು ಬರೆದ ಗುಹೆ, ಗುಹೆಯ ನಕ್ಷೆ, ಗುಹೆಯೊಳಗಿನ ರಾಕ್ಷಸನ ಪೂರ್ವವೃತ್ತಾಂತ, ಎಲ್ಲವನ್ನೂ ತಮ್ಮನು ಹತ್ತು ನಿಮಿಷದಲ್ಲಿ ಕಡಿದು ಚೆಲ್ಲಿ, "ಆಮೇಲೆ?" ಎಂದು ಕೇಳಿದ್ದನು. ಸುಟ್ಟುಬಿಡಬೇಕೆಂಬ ಕೋಪ ಬಂದುದು ಆಶ್ಚರ್ಯವಲ್ಲ. ಒಂದು ವಾರ ತಾಳು ಎಂದು ಅವಳಿಗೆ ಹೇಳಿ, ನಾವು ಈ ವಿಷಯವನ್ನು ಸ್ವಲ್ಪ ವಿಚಾರಿಸಿದೆವು. ಆ ಆಟವು ಹುಟ್ಟಿದ ಮನೆಯಲ್ಲಿಯೇ ಈ ತೊಂದರೆಯೂ ಹುಟ್ಟಿದ್ದಿತೆಂದು ತಿಳಿದುಬಂದಿತು.

ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತನು ೧೯೭೦ರಲ್ಲಿ ವಿಮಾ ಕಂಪೆನಿಯ ಉದ್ಯೋಗವನ್ನು ಕಳೆದುಕೊಂಡು, ಪಾದರಕ್ಷೆಗಳನ್ನು ದುರಸ್ತು ಮಾಡುತ್ತ ಸಂಸಾರವನ್ನು ಸಾಗಿಸುತ್ತ, ಬಿಡುವಿನ ವೇಳೆಯಲ್ಲಿ ಯುದ್ಧದ ಆಟಗಳ ನಿಯಮಗಳನ್ನು ಬರೆಯುತ್ತಿದ್ದನು. ನೆರೆಯ ಮಿನೆಸೋಟಾದ ಡೇವ್ ಆರ್ನೆಸನ್ ಎಂಬಾತನು ಸೇನೆಗಳಿಗೆ ಬದಲಾಗಿ ಒಬ್ಬ ಆಟಗಾರನಿಗೆ ಒಬ್ಬ ವೀರನಂತೆ ಕೊಟ್ಟು, ನೆಲದಡಿಯ ಕತ್ತಲೆಯಲ್ಲಿ ಅವರನ್ನು ಅಲೆಸುವ ಹೊಸ ಕ್ರಮವನ್ನು ತೋರಿಸಿದನು. ಅದರಿಂದ ಮೋಹಗೊಂಡ ಗೈಗ್ಯಾಕ್ಸನು ೧೯೭೨ರಲ್ಲಿ ತನ್ನದೇ ಆದ ಒಂದು ಪಾತಾಳದ ನಕ್ಷೆಯನ್ನು ಬರೆದು, ಮೊಟ್ಟಮೊದಲು ಅದರೊಳಕ್ಕೆ ಕರೆದುಕೊಂಡುಹೋದುದು ತನ್ನ ಸ್ವಂತ ಮಕ್ಕಳಾದ ಅರ್ನಿ ಮತ್ತು ಎಲೀಸರನ್ನು. ಇಬ್ಬರೂ ಕೂಡಿ ರೂಪಿಸಿದ ನಿಯಮಗಳು ೧೯೭೪ರಲ್ಲಿ ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕಗಳಾಗಿ ಹೊರಬಂದವು. ಮೊದಲು ಅಚ್ಚಾದುವು ಕೇವಲ ೧,೦೦೦ ಪ್ರತಿಗಳು. ಈಗ ಜಗತ್ತಿನಲ್ಲೆಲ್ಲ ಹರಡಿರುವ ಈ ಆಟವು ಹೀಗೆ ಒಬ್ಬ ತಂದೆ ತನ್ನ ಮಕ್ಕಳಿಗೆ ಹೇಳಿದ ಕಥೆಯಾಗಿ ಒಂದು ಮನೆಯಲ್ಲಿ ಪ್ರಾರಂಭವಾಯಿತೆಂಬುದು ನಮಗೆ ಬಹಳ ಹಿಡಿಸಿತು.

ಆ ಮನೆಯ ಆಟಗಾರರು ಬಲುಬೇಗ ಪಳಗಿದರು. ಮಗ ಅರ್ನಿಯು ಟೆನ್ಸರ್ ಎಂಬ ಮಂತ್ರವಾದಿಯಾದನು. ಅರ್ನೆಸ್ಟ್ ಎಂಬ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಇಟ್ಟುಕೊಂಡ ಹೆಸರದು. ರಾಬ್ ಕುಂಟ್ಸ್ ಎಂಬ ಹದಿಹರೆಯದ ಸ್ನೇಹಿತನು ರೊಬಿಲಾರ್ ಎಂಬ ಕತ್ತಿಯಾಳಾದನು. ಅವರ ಮುಂದೆ ಯಾವ ರಾಕ್ಷಸನೂ ನಿಲ್ಲಲಿಲ್ಲ. ಅದೂ ಅಲ್ಲದೆ ಆಟವು ಊರೂರಿಗೆ ಹಬ್ಬಿದಂತೆ, ನಮ್ಮ ವೀರನನ್ನು ಗೆಲ್ಲುವ ಶಕ್ತಿ ಯಾವುದೂ ಇಲ್ಲವೆಂದು ಕೊಚ್ಚಿಕೊಳ್ಳುವ ಆಟಗಾರರೂ ಹೆಚ್ಚಿದರು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ನಮ್ಮ ಗಾದೆಯನ್ನು ಆತನು ಕೇಳಿದ್ದರೆ ಬಹುಶಃ ನಕ್ಕು ಸುಮ್ಮನಾಗುತ್ತಿದ್ದನೋ ಏನೋ. ಕೇಳಿರಲಿಲ್ಲವಾಗಿ, ಅವರಿಗಾಗಿಯೇ ಒಂದು ಸಮಾಧಿಯನ್ನು ಕಟ್ಟಿದನು.

'ಟೂಂಬ್ ಆಫ್ ಹಾರರ್ಸ್,' ಎಂದರೆ ಘೋರ ಸಮಾಧಿ, ಎಂಬುದು ಅದರ ಹೆಸರು. ೧೯೭೫ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಆರಿಜಿನ್ಸ್ ಎಂಬ ಆಟಗಾರರ ಸಮ್ಮೇಳನವು ಮೊದಲ ಬಾರಿಗೆ ನಡೆದಾಗ ಅದನ್ನು ಪಂದ್ಯವಾಗಿ ಆಡಿಸಿದರು, ೧೯೭೮ರಲ್ಲಿ ಅಚ್ಚುಹಾಕಿಸಿದರು. ಅದರ ಸ್ವಾರಸ್ಯವೇನೆಂದರೆ, ಅದರಲ್ಲಿ ಹೊಡೆದಾಡಲು ಶತ್ರುಗಳೇ ಬಹು ವಿರಳ. ಒಂದು ದಿಬ್ಬ, ಅದರ ಮಗ್ಗುಲಲ್ಲಿ ಮರಳಿನಡಿ ಹೂತ ಮೂರು ಬಾಗಿಲುಗಳು. ಎರಡು ಸುಳ್ಳು ಬಾಗಿಲು. ಒಂದನ್ನು ಹೊಕ್ಕರೆ ಚಾವಣಿ ಕುಸಿಯುವುದು, ಇನ್ನೊಂದನ್ನು ಹೊಕ್ಕರೆ ಹಿಂದಿನಿಂದ ಬಂಡೆ ಸರಿದು ಹಾದಿ ಮುಚ್ಚುವುದು. ನಿಜವಾದ ಬಾಗಿಲಿನ ಒಳಗೆ ಬಣ್ಣದ ಕಲ್ಲುಗಳ ಸುಂದರವಾದ ನೆಲಗಟ್ಟು. ಅದರ ಕೆಳಗೆ ವಿಷಲೇಪನ ಮಾಡಿದ ಮುಳ್ಳುಗಳ ಕುಳಿಗಳು. ಆ ನೆಲಗಟ್ಟಿನಲ್ಲಿಯೇ, ಬಗ್ಗಿ ತಾಳ್ಮೆಯಿಂದ ಓದುವವರಿಗೆ, ಮುಂದಿನ ದಾರಿಯ ಸುಳಿವು ಒಗಟಿನ ರೂಪದಲ್ಲಿ ಬರೆದಿದೆ. ಓಡುತ್ತ ಹೋಗುವವನಿಗೆ ಕಾಣುವುದು ಕುಳಿ, ನಿಂತು ನೋಡುವವನಿಗೆ ಕಾಣುವುದು ಅಕ್ಷರ. ಆ ಓಣಿಯ ಕೊನೆಯಲ್ಲಿ ಗೋಡೆಯ ಮೇಲೆ ಹಸುರು ಬಣ್ಣದ ಪಿಶಾಚಮುಖವೊಂದು ಬಾಯ್ದೆರೆದುಕೊಂಡಿದೆ. ಬಾಯೊಳಗೆ ಗಾಢವಾದ ಕಪ್ಪು. ಅದರೊಳಕ್ಕೆ ಕೈಯಿಟ್ಟರೆ ಕೈ ಇಲ್ಲ, ಹೊಕ್ಕರೆ ಮನುಷ್ಯನೇ ಇಲ್ಲ. ಎಷ್ಟನೆಯ ಲೆವೆಲ್ಲಿನ ವೀರನಾದರೂ ಒಂದೇ. ದಾಳವನ್ನು ಉರುಳಿಸುವ ಅವಕಾಶ ಕೂಡ ಇಲ್ಲ.

ಕಟ್ಟಕಡೆಯ ಕೋಣೆಯಲ್ಲಿರುವುದು ಅಸೆರೆರಾಕ್ ಎಂಬ ಪುರಾತನ ಮಾಂತ್ರಿಕನ ಕಪಾಲ. ಹಲ್ಲುಗಳ ಸ್ಥಳದಲ್ಲಿ ರತ್ನಗಳು. ಅದನ್ನು ಮುಟ್ಟಿದರೆ ಮೇಲೆದ್ದು ಎದುರಿಗಿದ್ದವರ ಆತ್ಮವನ್ನೇ ಹೀರುವುದು. ಈ ಸಮಾಧಿಯನ್ನು ಮೊದಲು ಗೆದ್ದವನು ಕುಂಟ್ಸನ ರೊಬಿಲಾರನು, ಎರಡನೆಯವನು ಮಗನ ಟೆನ್ಸರನು. ಹೇಗೆ ಗೆದ್ದರು ಎಂಬುದನ್ನು ಕೇಳಿದರೆ ವಾಚಕರು ನಗುವರು. ರೊಬಿಲಾರನು ತನ್ನ ಸೇವಕರಾದ ಆರ್ಕ್ ಎಂಬ ರಾಕ್ಷಸಜಾತಿಯವರನ್ನು ಮುಂದೆ ಅಟ್ಟಿ, ಕುಳಿಗಳಿಗೆ ಅವರನ್ನು ಬಲಿಗೊಟ್ಟು, ತಾನು ಹಿಂದೆ ನಡೆದನು. ಇಬ್ಬರೂ ಕಪಾಲದೊಡನೆ ಸೆಣಸಲು ನಿಲ್ಲದೆ, ಕೈಗೆ ಸಿಕ್ಕಿದ ದ್ರವ್ಯವನ್ನು ಚೀಲಕ್ಕೆ ಬಾಚಿಕೊಂಡು ಹೊರಟುಬಂದರು! ಹೊಡೆದು ಗೆಲ್ಲುವುದನ್ನೇ ಅಭ್ಯಾಸ ಮಾಡಿಕೊಂಡಿದ್ದವರಿಗೆ, ಹೊಡೆಯದೆ ಇರುವುದೂ ಒಂದು ಉಪಾಯವೆಂಬ ಬುದ್ಧಿಯನ್ನು ಆ ಸಮಾಧಿಯು ಕಲಿಸಿತು. ಮಗನು ತಂದೆಯ ಬಲೆಗೆ ಬೀಳದೆ ಹೊರಟುಹೋದಾಗ ಆ ತಂದೆಗೆ ಸೋತೆನೆಂಬ ಬೇಸರವಾಯಿತೋ ಮಗನ ಜಾಣ್ಮೆಯ ಹೆಮ್ಮೆಯಾಯಿತೋ, ಮಕ್ಕಳನ್ನು ಬೆಳೆಸಿದವರು ಊಹಿಸಿಕೊಳ್ಳಬಹುದು.

ಹೀಗಿದ್ದರೂ ಈ ಸಮಾಧಿಯ ಮಾರ್ಗವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಕುತೂಹಲದಿಂದ ಬಾಯೊಳಗೆ ಇಣುಕಿ ನೋಡಿದ ಪಾಪದವನೂ, ಸೊಕ್ಕಿನಿಂದ ನುಗ್ಗಿದವನೂ ಅಲ್ಲಿ ಒಂದೇ ವಿಧವಾಗಿ ಸಾಯುವರು. ಅಂತಹ ಸಮಾಧಿಗಳಿಂದ ತಿರುಗಿಬಂದ ಆಟಗಾರರು ಆಮೇಲೆ ಪ್ರತಿಯೊಂದು ಬಾಗಿಲನ್ನೂ ಹತ್ತಡಿಯ ಗಳುವಿನಿಂದ ತಿವಿದು ನೋಡುತ್ತ, ಒಂದು ಕೋಣೆಯನ್ನು ದಾಟಲು ಒಂದು ಸಾಯಂಕಾಲವನ್ನು ಕಳೆಯುವುದುಂಟು. ಸೊಕ್ಕು ಹೋಗಿ ಅಂಜುಬುರುಕುತನ ಬಂದರೆ ಕಥೆಗೆ ಆದ ಲಾಭವೇನು? ಗೈಗ್ಯಾಕ್ಸನು ಸಹ ಇದು ಯೋಚಿಸುವವರಿಗೆ ತಕ್ಕುದೆಂದೂ, ಕಡಿದಾಡುವುದರಲ್ಲಿಯೇ ಸಂತೋಷಪಡುವವರಿಗೆ ಹಿಡಿಸದೆಂದೂ ಪುಸ್ತಕದ ಆರಂಭದಲ್ಲಿಯೇ ಸೂತ್ರಧಾರರನ್ನು ಎಚ್ಚರಿಸಿದ್ದಾನೆ.

ಇದಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಇನ್ನೊಂದು ವೃತ್ತಾಂತ. ಈ ಆಟಕ್ಕೆ ಸಂಬಂಧಪಟ್ಟ 'ಡ್ರ್ಯಾಗನ್' ಎಂಬ ಮಾಸಪತ್ರಿಕೆಯ ಸಂಪಾದಕನಾಗಿದ್ದ ರೋಜರ್ ಮೂರ್ ಎಂಬಾತನು, ೧೯೮೭ನೆಯ ನವೆಂಬರ್ ತಿಂಗಳಿನ ೧೨೭ನೆಯ ಸಂಚಿಕೆಯಲ್ಲಿ, ತಾನು ಹಿಂದೆ ಉತ್ತರ ಕೆರೊಲೈನಾದ ಫೋರ್ಟ್ ಬ್ರ್ಯಾಗ್ ಎಂಬ ಸೈನಿಕ ಠಾಣ್ಯದಲ್ಲಿದ್ದಾಗ ನಡೆದ ಒಂದು ಆಟವನ್ನು ಜ್ಞಾಪಿಸಿಕೊಂಡಿದ್ದಾನೆ. ಅಲ್ಲಿಯ ಸೂತ್ರಧಾರನ ಹೆಸರು ಟಕ್ಕರ್. ಅವನ ಪಾತಾಳದ ಕೆಳ ಅಂತಸ್ತುಗಳಲ್ಲಿ ಬೆಂಕಿಯಿಂದ ಉರಿಯುವ ಮಹಾಪಿಶಾಚಿಗಳಿದ್ದುವು. ಮೊದಲನೆಯ ಅಂತಸ್ತಿನಲ್ಲಿದ್ದುವು ಕೋಬಾಲ್ಡುಗಳು. ಕೋಬಾಲ್ಡ್ ಎಂದರೆ ಈ ಆಟದಲ್ಲಿ ಕನಿಷ್ಠಾತಿಕನಿಷ್ಠ ಪ್ರಾಣಿ, ಸೊಂಟದೆತ್ತರದ ಕುಳ್ಳ. ಪಾತ್ರಕ್ಕೆ ಎಷ್ಟು ಏಟು ತಾಳುವ ಶಕ್ತಿಯಿದೆಯೆಂಬುದನ್ನು ಈ ಆಟದಲ್ಲಿ ಹಿಟ್ ಪಾಯಿಂಟ್ ಎಂಬ ಅಂಕಗಳಿಂದ ಎಣಿಸುವರು. ಕೋಬಾಲ್ಡಿಗೆ ಆಗ ಒಂದರಿಂದ ನಾಲ್ಕು ಮಾತ್ರ. ಹೊಸದಾಗಿ ಆಟಕ್ಕೆ ಬಂದ ಮಗುವಿಗೆ ಅಭ್ಯಾಸಕ್ಕೆಂದು ಕೊಡುವ ಶತ್ರು ಅದು.

ಟಕ್ಕರನು ಅವುಗಳ ಶಕ್ತಿಯನ್ನು ಒಂದು ಅಂಕದಷ್ಟೂ ಹೆಚ್ಚಿಸಲಿಲ್ಲ. ಅವಕ್ಕೆ ಬುದ್ಧಿಯನ್ನು ಮಾತ್ರ ಕೊಟ್ಟನು. ತಮ್ಮ ಮನೆಯೊಳಕ್ಕೆ ಶಸ್ತ್ರಧಾರಿಗಳು ನುಗ್ಗಿಬಂದರೆ ಯಾವ ದುರ್ಬಲನಾದರೂ ಏನು ಮಾಡುವನೋ ಅದನ್ನೇ ಅವು ಮಾಡಿದುವು. ಬಯಲಿಗೆ ಬರಲಿಲ್ಲ. ಗೋಡೆಗಳ ಕಿಂಡಿಗಳಿಂದ ಬಾಣಗಳನ್ನು ಬಿಟ್ಟುವು. ಓಣಿಯಲ್ಲಿ ಕಸಕಡ್ಡಿಯ ರಾಶಿಗೆ ಬೆಂಕಿಯಿಟ್ಟು, ಉದ್ದನೆಯ ಕೋಲುಗಳಿಂದ ಆ ಉರಿಯನ್ನು ವೀರರ ಕಡೆಗೆ ತಳ್ಳಿದುವು. ಹಿಂದಿನ ಬಾಗಿಲನ್ನು ಮುಚ್ಚಿದುವು. ಸಾಮಾನು ಹೊತ್ತ ಕತ್ತೆಗಳನ್ನು ಅಪಹರಿಸಿ ತಿಂದುಹಾಕಿದುವು. ಆರರಿಂದ ಹನ್ನೆರಡರವರೆಗಿನ ಲೆವೆಲ್ಲಿನ ಆ ವೀರರು ಮೊದಮೊದಲು ನಕ್ಕರು, ಆಮೇಲೆ ಓಡಿದರು. ಓಡಿ ಓಡಿ ಕೊನೆಗೆ, ಈ ಕುಳ್ಳರಿಗಿಂತ ಕೆಳಗಿನ ಉರಿಯುವ ಪಿಶಾಚಿಗಳೇ ವಾಸಿಯೆಂದು ಅವರು ಬಗೆದರೆಂದು ಮೂರನು ಬರೆದಿದ್ದಾನೆ. ಅಂದಿನಿಂದ ಇಂದಿನವರೆಗೂ ಜಗತ್ತಿನ ಸೂತ್ರಧಾರರಲ್ಲಿ 'ಟಕ್ಕರನ ಕೋಬಾಲ್ಡು' ಎಂಬುದು ಒಂದು ನಾಣ್ಣುಡಿಯಾಗಿದೆ.

ಇದು ಕೇವಲ ಕಥೆಯ ಮಾತೆಂದು ತಿಳಿಯಬಾರದು. ಲೆಕ್ಕವೂ ಇದನ್ನೇ ಹೇಳುತ್ತದೆ. ನಮ್ಮ ಮನೆಯ ಮಕ್ಕಳು ಅನುಸರಿಸುವುದು ೨೦೧೪ರಲ್ಲಿ ಹೊರಟ ನಿಯಮಗಳನ್ನು. ಅದರ ಪ್ರಕಾರ ಎಂಟನೆಯ ಲೆವೆಲ್ಲಿನ ಕತ್ತಿಯಾಳಿಗೆ ಸುಮಾರು ೭೦ ಹಿಟ್ ಪಾಯಿಂಟುಗಳಿರುವುದು ಸಾಮಾನ್ಯ. ಒಳ್ಳೆಯ ಕವಚ ತೊಟ್ಟ ಅವನಿಗೆ ಕುಳ್ಳನೊಬ್ಬನ ಬಾಣವು ತಗಲುವುದು ಬಲು ದುರ್ಲಭ. ಆದರೆ ದಾಳದಲ್ಲಿ ೨೦ ಬಿದ್ದರೆ, ಕವಚವು ಎಂತಹದಾದರೂ ಏಟು ತಗಲಿತೆಂದೇ ನಿಯಮ. ಮೇಲಾಗಿ ಗಾಯವನ್ನು ನಿರ್ಣಯಿಸುವ ಆರು ಮುಖದ ದಾಳವನ್ನು ಆಗ ಒಂದರ ಬದಲು ಎರಡು ಸಲ ಉರುಳಿಸಬೇಕು. ಎರಡು ಸಲದ ಸರಾಸರಿ ಮೊತ್ತ ೭. ಇಪ್ಪತ್ತು ಮಂದಿ ಬಿಲ್ಲಾಳುಗಳು ಒಂದು ಸುತ್ತಿಗೆ ಒಂದೊಂದು ಬಾಣ ಬಿಟ್ಟರೆ, ಇಪ್ಪತ್ತರಲ್ಲಿ ಒಂದು ತಗಲುವುದೆಂದೇ ಇಟ್ಟುಕೊಳ್ಳೋಣ. ಸುತ್ತಿಗೆ ೭ರಂತೆ ಹತ್ತು ಸುತ್ತಿಗೆ ೭೦. ಒಂದು ಸುತ್ತೆಂದರೆ ಆರು ಸೆಕೆಂಡು. ಹೀಗೆ, 'ಇನ್ನೂ ಇಪ್ಪತ್ತು ಮಂದಿ ಬರಲಿ' ಎಂದ ನಮ್ಮ ವೀರನು ಆ ಇಪ್ಪತ್ತು ಮಂದಿಯ ಮುಂದೆ ಸುಮ್ಮನೆ ಒಂದು ನಿಮಿಷ ನಿಂತರೆ ನೆಲ ಕಚ್ಚುವನು. ಮಂತ್ರವಾದಿಯ ಬೆಂಕಿಯುಂಡೆಯು ಇಪ್ಪತ್ತಡಿ ತ್ರಿಜ್ಯದೊಳಗಿನವರನ್ನು, ಎಂದರೆ ಬಿದ್ದ ಜಾಗದಿಂದ ಎಲ್ಲ ದಿಕ್ಕಿಗೂ ಇಪ್ಪತ್ತಡಿಯಲ್ಲಿರುವವರನ್ನು ಸುಡುವುದು ನಿಜ. ಒತ್ತಾಗಿ ನಿಂತ ಇಪ್ಪತ್ತು ಕುಳ್ಳರು ಅದೊಂದಕ್ಕೇ ತೀರಿದರು. ಚೆದರಿ ಕಿಂಡಿಗಳ ಹಿಂದೆ ನಿಂತವರಿಗೆ ಅದು ತಗಲಬೇಕಲ್ಲ?

ಆಟಗಾರರು ಸೊಕ್ಕಲು ಕಾರಣವೇನೆಂದು ಯೋಚಿಸುತ್ತ ಹೋದಾಗ, ದೋಷದ ಬಹುಭಾಗವು ಸೂತ್ರಧಾರನ ತಲೆಯ ಮೇಲೆಯೇ ಬರುವುದೆಂದು ನಮಗೆ ತೋರಿತು. ಈ ನಿಯಮಗಳಲ್ಲಿ ಒಂದು ರಾತ್ರಿ ಎಂಟು ಗಂಟೆ ವಿಶ್ರಮಿಸಿದರೆ ಹೋದ ಹಿಟ್ ಪಾಯಿಂಟುಗಳೆಲ್ಲ ಮರಳಿಬರುವುವು. ನಿಯಮದ ಪುಸ್ತಕವು ಒಂದು ಹಗಲಿನಲ್ಲಿ ಆರರಿಂದ ಎಂಟು ಕಾಳಗಗಳನ್ನು ವೀರರು ತಾಳಬಲ್ಲರೆಂದು ಗಣಿಸಿ ಶತ್ರುಗಳ ಬಲವನ್ನು ಅಳೆದಿದೆ. ನಮ್ಮ ಹುಡುಗಿಯ ಆಟದಲ್ಲಿ ಏನು ನಡೆಯುತ್ತಿತ್ತು? ಒಂದು ಕಾಳಗ, ಒಡನೆಯೇ ಬಿಡಾರ, ನಿದ್ರೆ, ಮಾರನೆಯ ದಿನ ಹೊಸ ಮೈ. ಎಂಟು ಊಟದ ಹಸಿವನ್ನಿಟ್ಟುಕೊಂಡು ಒಂದೇ ಊಟಕ್ಕೆ ಕುಳಿತವನ ಮುಂದೆ ಯಾವ ಎಲೆ ತಾನೆ ಉಳಿದೀತು? ಮತ್ತೊಂದು ಮಾತು. ಸೂತ್ರಧಾರನು ತನ್ನ ದಾಳಗಳನ್ನು ಒಂದು ಸಣ್ಣ ತಡಿಕೆಯ ಹಿಂದೆ ಮರೆಯಾಗಿ ಉರುಳಿಸುವ ಪದ್ಧತಿಯುಂಟು. ಹುಡುಗಿಯು ಹಿಂದೊಮ್ಮೆ, ತಮ್ಮನ ಪಾತ್ರವು ಸಾಯುವ ಹಾಗೆ ಬಿದ್ದ ದಾಳವನ್ನು ಕಂಡು, ಕರುಣೆಯಿಂದ ಬೇರೆ ಸಂಖ್ಯೆಯನ್ನು ಹೇಳಿದ್ದಳು. ಎರಡನೆಯ ಸಲವೂ ಹಾಗೆಯೇ ಮಾಡಿದ್ದಳು. ಹುಡುಗರು ಬಾಯಿಬಿಟ್ಟು ಹೇಳದಿದ್ದರೂ ಇದನ್ನು ಅರಿಯದೆ ಇರುವರೇ? ಅಕ್ಕನು ನಮ್ಮನ್ನು ಸಾಯಗೊಡಿಸುವುದಿಲ್ಲವೆಂದು ತಿಳಿದ ದಿನವೇ ತಮ್ಮನು ಕಾಲಮೇಲೆ ಕಾಲು ಹಾಕಿದನು. ಈಗ ಅದಕ್ಕಾಗಿ ಅವನನ್ನು ಸುಡುತ್ತೇನೆಂದರೆ ನ್ಯಾಯವೆಲ್ಲಿ ಬಂತು?

ಇದನ್ನು ನಾವು ಅವಳಿಗೆ ಹೇಳಿದಾಗ ಮುಖ ಸಣ್ಣದಾಯಿತು. "ಹಾಗಾದರೆ ಡ್ರ್ಯಾಗನ್ ಬೇಡವೆನ್ನುತ್ತೀರಾ?" ಎಂದು ಕೇಳಿದಳು. ಡ್ರ್ಯಾಗನ್ನು ಅವಳ ಕೈಯಲ್ಲಿ ಎಂದಿಗೂ ಇದ್ದೇ ಇದೆ. ಸೂತ್ರಧಾರನಿಗೆ ಮಿತಿಯೆಂಬುದಿಲ್ಲ, ಒಂದು ಮಾತಿನಿಂದ ಹತ್ತು ಡ್ರ್ಯಾಗನ್ನುಗಳನ್ನು ತರಬಲ್ಲನು. ಮಿತಿಯಿಲ್ಲದವನು ಮಿತಿಯುಳ್ಳವನನ್ನು ಕೆಡವಿದರೆ ಅದರಲ್ಲಿ ಹೆಚ್ಚಳವೇನು? ಭೀಮಸೇನನು ಸೌಗಂಧಿಕಾಪುಷ್ಪವನ್ನು ತರಲು ಕಾಡನ್ನು ಸೀಳಿಕೊಂಡು ಬರುತ್ತಿದ್ದಾಗ ಹನುಮಂತನು ಮಾಡಿದುದನ್ನು ನೋಡಿರಿ. ಸಮುದ್ರವನ್ನು ಹಾರಿದವನಿಗೆ ಭೀಮನೊಡನೆ ಮಲ್ಲಯುದ್ಧ ಮಾಡುವುದು ಏನು ಕಷ್ಟ? ಅವನು ಮುದಿ ಕೋತಿಯಾಗಿ ದಾರಿಗೆ ಅಡ್ಡಲಾಗಿ ಮಲಗಿದನು. ಬಾಲವನ್ನು ನೀನೇ ಅತ್ತ ಸರಿಸಿ ಹೋಗಪ್ಪ ಎಂದನು, ಅಷ್ಟೆ. ಭೀಮನು ತನ್ನ ಬಲವನ್ನೆಲ್ಲ ಬಿಟ್ಟು ತಾನೇ ಅಳೆದುಕೊಂಡು ತಾನೇ ತಲೆಬಾಗಿದನು. ಆಮೇಲೆ ಅಣ್ಣನು ತಮ್ಮನನ್ನು ಅಪ್ಪಿಕೊಂಡು, ಮುಂದಿನ ಯುದ್ಧದಲ್ಲಿ ನೆರವಾಗುವೆನೆಂದು ಮಾತು ಕೊಟ್ಟು ಕಳುಹಿಸಿದನು. ಈ ಕೊನೆಯ ಭಾಗವನ್ನು ನಾವು ಹುಡುಗಿಗೆ ಎರಡು ಸಲ ಹೇಳಿದೆವು.

ಹುಡುಗನ ವಿಷಯದಲ್ಲಿ ನಮಗೆ ತಿಳಿದಿದ್ದ ಮತ್ತೊಂದು ಸಂಗತಿಯನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ಸ್ವಲ್ಪ ಹಿಂಜರಿದೆವು. ಆ ವರ್ಷ ಗಣಿತದಲ್ಲಿ ಅವನಿಗೆ ಬಂದ ಅಂಕಗಳು ಮನೆಯಲ್ಲಿ ಯಾರಿಗೂ ಹಿಡಿಸಿರಲಿಲ್ಲ. ಕ್ರಿಕೆಟ್ ತಂಡಕ್ಕೂ ಅವನನ್ನು ಸೇರಿಸಿಕೊಂಡಿರಲಿಲ್ಲ. ವಾರದ ಏಳು ದಿನಗಳಲ್ಲಿ ಅವನು ಬಲಿಷ್ಠನಾಗಿರುತ್ತಿದ್ದುದು ಆದಿತ್ಯವಾರದ ಆ ನಾಲ್ಕು ಗಂಟೆಗಳಲ್ಲಿ ಮಾತ್ರ. ಆಟದಲ್ಲಿ ಪಾತ್ರದ ಜಂಬವೆಂಬುದೊಂದು, ಆಡುವವನ ಜಂಬವೆಂಬುದೊಂದು. ಪಾತ್ರವು ಕೊಚ್ಚಿಕೊಂಡರೆ ಕಥೆಗೆ ರಂಗೇರುವುದು. ಆಡುವವನು ಕೊಚ್ಚಿಕೊಂಡರೆ, ಸೂತ್ರಧಾರನು ಕೋಲೆತ್ತುವ ಮೊದಲು, ಆ ಮಗುವಿಗೆ ಬೇರೆಲ್ಲಿ ಏನು ಕಡಿಮೆಯಾಗಿದೆಯೆಂದು ವಿಚಾರಿಸುವುದು ಲೇಸು. ಕೊನೆಗೆ ಹೇಳಿದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಆ ವಾರವೆಲ್ಲ ಅವಳು ಬಾಗಿಲು ಹಾಕಿಕೊಂಡು ಬರೆದಳು. ಏನು ಬರೆದಳೆಂಬುದು ಆದಿತ್ಯವಾರ ತಿಳಿಯಿತು. ನಾವೂ ಅಂದು ನೆಪ ಮಾಡಿಕೊಂಡು ನಡುಮನೆಯ ಮೂಲೆಯಲ್ಲಿ ವರ್ತಮಾನಪತ್ರಿಕೆ ಹಿಡಿದು ಕುಳಿತಿದ್ದೆವು. ಒಂದು ಹಳ್ಳಿಯ ಗುಡಿಯ ಗಂಟೆಯನ್ನು ಗುಡ್ಡದ ಕುಳ್ಳರು ಹೊತ್ತುಕೊಂಡು ಹೋಗಿದ್ದಾರೆ. ಜಾತ್ರೆಗೆ ಮೊದಲು ಅದನ್ನು ತಂದುಕೊಡಬೇಕು. ಜಾತ್ರೆಗಿರುವುದು ಎರಡೇ ದಿನ. ಇದಿಷ್ಟು ಪೀಠಿಕೆ. ಎರಡೇ ದಿನವೆಂಬುದರಿಂದ ಕಾಳಗಕ್ಕೊಂದು ನಿದ್ರೆಯ ಪದ್ಧತಿಯು ತಾನಾಗಿಯೇ ತಪ್ಪಿತು. ದಾಳಗಳನ್ನು ಇನ್ನು ಮೇಲೆ ಎಲ್ಲರ ಮುಂದೆಯೇ ಉರುಳಿಸುವೆನೆಂದು ಹೇಳಿ, ತಡಿಕೆಯನ್ನು ತೆಗೆದು ಬೀರುವಿನ ಮೇಲಿಟ್ಟಳು. ತಮ್ಮನು ಅದನ್ನು ಒಮ್ಮೆ ನೋಡಿ ಕಾಲನ್ನು ಕೆಳಗಿಳಿಸಿದನು.

ಗುಡ್ಡದ ದಾರಿಯಲ್ಲಿ ಅವಳು ಮೂರು ಬಾರಿ, ಬೇರೆ ಬೇರೆ ಮಾತುಗಳ ನಡುವೆ, ಒಣಮೆಣಸಿನಕಾಯಿಯ ತೊಟ್ಟುಗಳು ಬಿದ್ದಿದ್ದುವೆಂದು ವರ್ಣಿಸಿದಳು. ಮಂತ್ರವಾದಿನಿಯ ಪಾತ್ರದ ಹುಡುಗಿಯು ಅದನ್ನು ಗುರುತು ಹಾಕಿಕೊಂಡಳು, ತಮ್ಮನು ಹಾಕಿಕೊಳ್ಳಲಿಲ್ಲ. ಗುಹೆಯ ಬಾಯಿ ಕಿರಿದು. "ನಾನು ಮುಂದೆ. ನುಗ್ಗಿ" ಎಂದನು. ನುಗ್ಗಿದರು. ಒಳಗೆ ಯಾರೂ ಇಲ್ಲ. ಹಿಂದಿನಿಂದ ಬಾಯಿಗೆ ಮುಳ್ಳಿನ ಹೊರೆ ಬಿದ್ದಿತು. ಮೇಲಿನ ಕಿಂಡಿಗಳಿಂದ ಕೆಂಡದ ಮಡಕೆಗಳು ಇಳಿದುವು, ಮಡಕೆಗಳ ತುಂಬ ಒಣಮೆಣಸಿನಕಾಯಿ. ಒಗ್ಗರಣೆ ಸೀದಾಗ ಮನೆಯಲ್ಲಿ ಏನಾಗುವುದೆಂದು ಆ ಮೇಜಿನಲ್ಲಿ ತಿಳಿಯದವರು ಯಾರೂ ಇರಲಿಲ್ಲ. ಕೆಮ್ಮುತ್ತಿರುವ ಮಂತ್ರವಾದಿನಿಗೆ ಮಂತ್ರೋಚ್ಚಾರಣೆ ಸಾಧ್ಯವಾಗಲಿಲ್ಲ. ಕಣ್ಣುರಿಯುತ್ತಿರುವ ಕತ್ತಿಯಾಳಿಗೆ ಹೊಡೆಯಲು ಎದುರಿಗೆ ಒಬ್ಬನಾದರೂ ಸಿಕ್ಕಬೇಡವೆ? ಕಿಂಡಿಗಳಿಂದ ಬಾಣಗಳು. ದಾಳವು ಎಲ್ಲರ ಕಣ್ಣೆದುರಿಗೇ ಉರುಳಿ ಎರಡು ಸಲ ೨೦ ಬಿದ್ದಿತು. ಮುಳ್ಳನ್ನು ಕಡಿದು, ತರಚಿಕೊಂಡು, ಹೇಗೋ ಹೊರಕ್ಕೆ ಓಡಿಬಂದು ನೋಡುವಷ್ಟರಲ್ಲಿ, ಮರಕ್ಕೆ ಕಟ್ಟಿದ್ದ ಹೇಸರಗತ್ತೆಯು ಊಟದ ಗಂಟಿನ ಸಮೇತ ಕಾಣೆಯಾಗಿದ್ದಿತು.

ತಮ್ಮನು ಸೀಸದಕಡ್ಡಿಯನ್ನು ಮೇಜಿನ ಮೇಲೆ ಎಸೆದು, "ಅಕ್ಕ, ಇದು ಮೋಸ" ಎಂದನು. ನಾವು ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸಿದೆವು. ಹುಡುಗಿಯು ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ಮಂತ್ರವಾದಿನಿಯ ಕಡೆಗೆ ತಿರುಗಿ, ನಿನ್ನ ಕಾಗದವನ್ನು ಓದು ಎಂದಳು. ತೊಟ್ಟುಗಳು, ತೊಟ್ಟುಗಳು, ಮತ್ತೆ ತೊಟ್ಟುಗಳು. ತಮ್ಮನು ಆ ಕಾಗದವನ್ನು ಕಿತ್ತುಕೊಂಡು ತಾನೇ ಓದಿನೋಡಿದನು. ಕೆಲವು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನು, "ಅವರಿಗೆ ಗಂಟೆಯಾದರೂ ಯಾತಕ್ಕೆ ಬೇಕು?" ಎಂದು ಕೇಳಿದನು. ಈ ಪ್ರಶ್ನೆಯನ್ನು ಅವನು ಎಂಟು ತಿಂಗಳಿನಿಂದ ಯಾವ ಶತ್ರುವಿನ ವಿಷಯದಲ್ಲಿಯೂ ಕೇಳಿರಲಿಲ್ಲವೆಂದು ಅವಳು ರಾತ್ರಿ ನಮಗೆ ಹೇಳಿದಳು.

ಮುಂದಿನ ಆದಿತ್ಯವಾರ ಅವನು ಕತ್ತಿಯನ್ನು ಒರೆಯೊಳಗಿಟ್ಟು, ಒದ್ದೆಯ ಬಟ್ಟೆಯಿಂದ ಮೂಗನ್ನು ಕಟ್ಟಿಕೊಂಡು, ಗುಹೆಯ ಬಾಯಲ್ಲಿ ಕುಳಿತು ಕುಳ್ಳರೊಡನೆ ಎರಡು ಗಂಟೆಯ ಹೊತ್ತು ಮಾತುಕತೆ ನಡೆಸಿದನು. ಅವರ ಹೊಳೆಗೆ ಹಳ್ಳಿಯವರು ಒಡ್ಡು ಕಟ್ಟಿದ್ದರಂತೆ. ಒಡ್ಡಿನಲ್ಲಿ ಒಂದು ತೂಬು ಇಡಿಸುವೆನೆಂದು ಅವನು ಮಾತು ಕೊಟ್ಟನು. ಹಳ್ಳಿಗೆ ಹೋಗಿ ಗೌಡನೊಡನೆ ಜಗಳವಾಡಿ ಇಡಿಸಿದನು. ಜಾತ್ರೆಯ ಮುಂಜಾನೆಯ ಹೊತ್ತಿಗೆ ಗಂಟೆ ಗುಡಿಗೆ ಬಂದಿತು. ಹೇಸರಗತ್ತೆಯನ್ನು ಮಾತ್ರ ಅವು ಹಿಂದಕ್ಕೆ ಕೊಡಲಿಲ್ಲ.